ಶಿವರಾತ್ರಿಗೆ ನೋ-ಶೋ ಇರುವುದಿಲ್ಲ

ಗೋಕರ್ಣದ ನಮ್ಮ 24 ರೂಮಿನ ಹೋಟೆಲ್ಲಿಗೆ ಶಿವರಾತ್ರಿಯ ಹಿಂದಿನ ರಾತ್ರಿಗೆ 26 ಬುಕಿಂಗ್ ತೆಗೆದುಕೊಂಡವನು ನಾನೇ. ಫ್ರಂಟ್ ಆಫೀಸಿನವರ ತಪ್ಪಲ್ಲ, ಬುಕಿಂಗ್ ಸೈಟುಗಳಿಗೆಲ್ಲ ರೂಮಿನ ಲೆಕ್ಕ ಕಳಿಸುವ ಚಾನೆಲ್ ಮ್ಯಾನೇಜರ್ ಸಾಫ್ಟ್‌ವೇರಿನದ್ದೂ ಅಲ್ಲ. ಅದಕ್ಕೂ ಹಿಂದಿನ ಮೂರು ತಿಂಗಳ ವಾರಾಂತ್ಯಗಳಲ್ಲಿ ಎರಡು ಮೂರು ನೋ-ಶೋ, ಅಂದರೆ ಬುಕ್ ಮಾಡಿಯೂ ಬಾರದವರು, ಇರುತ್ತಲೇ ಇತ್ತು. ಅದನ್ನು ನಂಬಿ ಎರಡು ರೂಮು ಹೆಚ್ಚಿಗೆ ತೆರೆದಿದ್ದೆ.

ಆದರೆ ಅದು ಓಂ ಬೀಚು, ಕುಡ್ಲೆ ಬೀಚಿಗೆ ಬರುವವರ ಲೆಕ್ಕ. ಅವರು ‘ಪೇ ಅಟ್ ಹೋಟೆಲ್’ ಹಾಕಿ ಮೂರು ಕಡೆ ಬುಕ್ ಮಾಡಿರುತ್ತಾರೆ, ಮನಸ್ಸು ಬದಲಾದರೆ ಬರುವುದೇ ಇಲ್ಲ. ಮಹಾಬಲೇಶ್ವರನ ದರ್ಶನಕ್ಕೆ ಹೊರಟವರು ಹಾಗಲ್ಲ. ತಿಥಿಯನ್ನು ಮುಂದೂಡಲು ಆಗುತ್ತದೆಯೇ? ಮನೆಯ ಹಿರಿಯರನ್ನು ಕೂರಿಸಿಕೊಂಡು ಅರಬೈಲ್ ಘಟ್ಟ ಇಳಿದು, ಎಷ್ಟೇ ಹೊತ್ತಾದರೂ ಬಂದೇ ಬರುತ್ತಾರೆ. ನೋ-ಶೋವನ್ನು ತಿಂಗಳಿನ ಪ್ರಕಾರ ನೋಡಬೇಡಿ, ಬರುವವರು ಯಾತಕ್ಕೆ ಬರುತ್ತಿದ್ದಾರೆ ಅನ್ನುವುದರ ಪ್ರಕಾರ ನೋಡಿ. ಪೂರ್ತಿ ಹಣ ಕಟ್ಟಿದ್ದಾರೆ, ಜತೆಗೆ ವಯಸ್ಸಾದವರಿದ್ದಾರೆ, ಹಬ್ಬದ ತಾರೀಕು ಇದೆ ಎಂದಾದರೆ ಸೊನ್ನೆ ಅಂತಲೇ ಹಿಡಿಯಿರಿ.

ಸಂಜೆ ನಾಲ್ಕಕ್ಕೆ 204ರ ಎಸಿ ನಿಂತಿತು. ಉಪ್ಪುಗಾಳಿಗೆ ಔಟ್‌ಡೋರ್ ಯೂನಿಟ್ಟಿನ ಕಾಯಿಲ್ ತೂತಾಗಿ ಗ್ಯಾಸ್ ಸೋರಿತ್ತು. ತಕ್ಷಣ ಔಟ್ ಆಫ್ ಆರ್ಡರ್ ಹಾಕಿಸಿದೆ, ಅಂದರೆ ಕೊಡುವ ರೂಮುಗಳ ಲೆಕ್ಕದಿಂದಲೇ ತೆಗೆಸಿದೆ. 23 ಕೀ, 26 ಹೆಸರು. ಆಗಲೇ ಅಕ್ಕಪಕ್ಕದ ಹೋಂಸ್ಟೇಗಳಿಗೆ ಫೋನ್ ಮಾಡಿ ಮೂರು ರೂಮು ಹಿಡಿಯಬಹುದಿತ್ತು, ಐದು ಗಂಟೆಗೆ ಇನ್ನೂ ಸಿಗುತ್ತಿದ್ದವು. ಯಾರಾದರೂ ತಪ್ಪುತ್ತಾರೆ ಅಂತ ಕಾದೆ.

ರಾತ್ರಿ ಒಂಬತ್ತಕ್ಕೆ ಒಂದು ಕೀ ಉಳಿದಿತ್ತು, ನಾಲ್ಕು ಬುಕಿಂಗಿನವರು ಬರುವುದು ಬಾಕಿ. ಒಂಬತ್ತೂವರೆಗೆ ಬೈಕಿನಲ್ಲಿ ಬಂದ ಇಬ್ಬರು ಹುಡುಗರಿಗೆ ಆ ಕೀ ಕೊಟ್ಟುಬಿಟ್ಟೆವು, ಮೊದಲು ಬಂದವರು ಅಂತ. ದೊಡ್ಡ ತಪ್ಪು ಅದೇ. ಯಾರನ್ನು ವಾಕ್ ಮಾಡಬೇಕು, ಅಂದರೆ ಬೇರೆ ಕಡೆ ರೂಮು ಹಿಡಿದು ಕಳಿಸಬೇಕು ಅನ್ನುವುದನ್ನು ಅವರು ಬಾಗಿಲಿಗೆ ಬರುವ ಮೊದಲೇ ಅರೈವಲ್ ಲಿಸ್ಟ್ ಇಟ್ಟುಕೊಂಡು ತೀರ್ಮಾನಿಸಬೇಕು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದ ಹುಡುಗರು ಹತ್ತು ನಿಮಿಷದ ದಾರಿಯ ಹೋಂಸ್ಟೇಗೆ ನಗುತ್ತಲೇ ಹೋಗುತ್ತಾರೆ. ಇನ್ನೆರಡು ಗುಂಪು ಫೋನಿನಲ್ಲೇ ಒಪ್ಪಿ ಹಾಗೆಯೇ ಹೋದವು.

ಕೊನೆಯದು ಹಾವೇರಿ ಕಡೆಯ ಐದು ಜನರ ಕುಟುಂಬ. ಬಂದಾಗ ಹನ್ನೊಂದು ಇಪ್ಪತ್ತು. ಅಷ್ಟು ಹೊತ್ತಿಗೆ ಗೋಕರ್ಣದಲ್ಲಿ ಒಂದು ಮಂಚವೂ ಇರಲಿಲ್ಲ, ಸಿಕ್ಕಿದ್ದು ಕುಮಟಾದ ಲಾಡ್ಜು. ಕಾರು ನಮ್ಮದು, ಬಾಡಿಗೆ ನಮ್ಮದು ಅಂತ ಹೇಳಲು ರಿಸೆಪ್ಶನ್ನಿನ ಹುಡುಗಿಯನ್ನು ಕಳಿಸಿ, ನಾನು ಬ್ಯಾಕ್ ಆಫೀಸಿನಲ್ಲಿ ಸಿಸಿಟಿವಿ ನೋಡುತ್ತ ನಿಂತೆ. ಸುಮಾರು ಹತ್ತು ನಿಮಿಷ. ಸೋಫಾದ ತುದಿಯಲ್ಲಿ ಕೂತ ಅಜ್ಜಿಯ ತೊಡೆಯ ಮೇಲೆ ಒದ್ದೆ ಬಟ್ಟೆಯ ಗಂಟು. ಅದನ್ನು ಬಿಚ್ಚಿ, ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಬಿಲ್ವಪತ್ರೆಗೆ ಚಿಮುಕಿಸಿ ಮತ್ತೆ ಕಟ್ಟಿದರು. ಹುಡುಗಿ ಒಳಗೆ ಬಂದಳು. “ನಂಗೆ ಹೇಳುಕೆ ಆಗೂದಿಲ್ಲ ಸರ್, ನೀವೇ ಬನ್ನಿ.”

ಹೋದೆ. ಕುಮಟಾ ಅನ್ನುತ್ತಿದ್ದಂತೆ ಅಜ್ಜಿ ಕೇಳಿದರು: “ಮುಂಜಾನಿ ನಾಕಕ್ಕ ಸಮುದ್ರ ಸ್ನಾನ ಆಗಬೇಕಪ್ಪಾ, ಅಲ್ಲಿಂದ ಹ್ಯಾಂಗ ಬರೂದು?” ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ರೂಮಿದೆ, ಎಸಿ ಕೆಟ್ಟಿದೆ ಅಂದೆ. “ಎಸಿ ಯಾರಿಗೆ ಬೇಕೋ ತಮ್ಮಾ? ಫ್ಯಾನ್ ಐತಿಲ್ಲ?”

204ರಲ್ಲಿ ಫ್ಯಾನು, ನೀರು, ಬೆಳಕು ಎಲ್ಲ ಇತ್ತು. ಅದನ್ನು ಔಟ್ ಆಫ್ ಆರ್ಡರ್ ಹಾಕಬೇಕಾಗಿಯೇ ಇರಲಿಲ್ಲ. ನೀರು, ಕರೆಂಟು, ಬಾಗಿಲಿನ ಬೀಗ ಇಲ್ಲದಿದ್ದರೆ ಮಾತ್ರ ಔಟ್ ಆಫ್ ಆರ್ಡರ್. ಉಳಿದದ್ದೆಲ್ಲ ಔಟ್ ಆಫ್ ಸರ್ವೀಸ್, ಗೆಸ್ಟಿಗೆ ಮೊದಲೇ ಹೇಳಿ ನಾನ್-ಎಸಿ ದರಕ್ಕೆ ಕೊಡಬಹುದು. ಏಣಿ, ತಾಮ್ರದ ಪೈಪಿನ ತುಂಡು ತೆಗೆದು, ನೆಲ ಒರೆಸಿ, ಎರಡು ಹಾಸಿಗೆ ಹೆಚ್ಚಿಗೆ ಹಾಕಲು ಹೌಸ್‌ಕೀಪಿಂಗ್‌ಗೆ 25 ನಿಮಿಷ ಬೇಕಾಯಿತು. ದರದ ವ್ಯತ್ಯಾಸವನ್ನು ಆಗಲೇ ವಾಪಸ್ ಕೊಟ್ಟೆವು.

ಹೋಟೆಲ್ ನಡೆಸುವ ಕುರ್ಚಿಗೆ ಬಂದ ಮೇಲೆ ಓವರ್‌ಬುಕಿಂಗಿನ ಮಿತಿ ಬರೆಯುವವರು ನೀವೇ. ಮಾಲೀಕರು ಕೇಳುವುದು ಆಕ್ಯುಪೆನ್ಸಿ (ಎಷ್ಟು ರೂಮು ತುಂಬಿತು) ಮತ್ತು ಎಡಿಆರ್ (ರೂಮಿಗೆ ಸಿಕ್ಕ ಸರಾಸರಿ ದಿನದ ದರ). ವಾಕ್ ಮಾಡಿದ ಖರ್ಚು ಟ್ಯಾಕ್ಸಿ, ರಿಫಂಡ್ ಅಂತ ಬೇರೆ ಬೇರೆ ಹೆಡ್ಡಿಗೆ ಹೋಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳ ವರದಿಯಲ್ಲಿ ಅದಕ್ಕೊಂದು ಸಾಲು ಮಾಡಿಸಿ. ಶಿವರಾತ್ರಿಯಿಂದ ತೇರು ಮುಗಿಯುವವರೆಗೆ ನಾವೀಗ ಒಂದೂ ಹೆಚ್ಚಿಗೆ ತೆಗೆಯುವುದಿಲ್ಲ, ಎರಡು ರೂಮು ಉಳಿದಾಗಲೇ ಎಲ್ಲ ಓಟಿಎಗೂ (ಆನ್‌ಲೈನ್ ಬುಕಿಂಗ್ ಸೈಟುಗಳಿಗೂ) ಸ್ಟಾಪ್ ಸೆಲ್, ಮಾರಾಟ ಬಂದ್. ಔಟ್‌ಡೋರ್ ಯೂನಿಟ್ಟುಗಳನ್ನು ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಸುತ್ತೇವೆ.

ಇನ್ನೊಂದು, ಬಿಸಿನೀರು. ಸೋಲಾರಿನದ್ದು ಆ ದಿನ ರಾತ್ರಿಯೇ ಮುಗಿದಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಗೀಸರ್ ಹಾಕಬೇಕು. 24ನ್ನೂ ಒಟ್ಟಿಗೆ ಹಾಕಿದರೆ ಮೇನ್ ಟ್ರಿಪ್ ಆಗುತ್ತದೆ. ಮಹಡಿಗೆ ಇಪ್ಪತ್ತು ನಿಮಿಷ ಅಂತರ ಬಿಟ್ಟು, ವಯಸ್ಸಾದವರಿರುವ ರೂಮಿನಿಂದ ಶುರುಮಾಡಿ. ಆ ದಿನ 204ರದ್ದನ್ನು ಮೊದಲು ಹಾಕಿಸಿದೆ.