ಆಗುಂಬೆ ದಾರಿಯ ಅಣಬೆಗಳು

ತೀರ್ಥಹಳ್ಳಿ ದಾಟಿ ಆಗುಂಬೆಯತ್ತ ಹೊರಟರೆ ಮೊದಲ ಅಣಬೆ ಕಾಡಿಗಿಂತ ಮುಂಚೆ ತೋಟದಲ್ಲೇ ಸಿಗುತ್ತದೆ. ಸೊರಗಿದ ಅಡಿಕೆ ಮರದ ಬುಡದಲ್ಲಿ ಹೊಳೆಯುವ ಕೆಂಗಂದು ಬಣ್ಣದ ಗಟ್ಟಿ ಅಣಬೆ ಗ್ಯಾನೋಡರ್ಮಾ. ಬೆಳೆಗಾರರು ಹೇಳುವ ‘ಅಣಬೆ ರೋಗ’ ಇದರದ್ದೇ. ಇದರ ಬೀಜಕಣಕ್ಕೆ (ಅಣಬೆ ಉದುರಿಸುವ, ಬೀಜದಂಥ ಸೂಕ್ಷ್ಮ ಕಣ) ಎರಡು ಗೋಡೆ, ಒಂದು ತುದಿ ಮೊಂಡು. ಸೂಕ್ಷ್ಮದರ್ಶಕದಲ್ಲಿ ಅಷ್ಟು ಕಂಡರೆ ಕುಲ ಖಚಿತ.

ಊರಂಚಿನ ಹುಲ್ಲಿನಲ್ಲಿ ಎಚ್ಚರ ಬೇಕು. ಹುತ್ತದ ಅಣಬೆ ಟರ್ಮಿಟೋಮೈಸಿಸ್ಸೂ ವಿಷದ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ಸೂ ಬಿಳಿಯೇ, ಕೆಲವಕ್ಕೆ ಉಂಗುರವೂ ಉಂಟು. ಮೇಲಿಂದ ಕಿತ್ತರೆ ಮುಖ್ಯ ಗುರುತು ಮಣ್ಣಲ್ಲೇ ಉಳಿದುಬಿಡುತ್ತದೆ. ಚಾಕುವಿನಿಂದ ಸುತ್ತ ಅಗೆಯಿರಿ: ಗೆದ್ದಲಿನ ಗೂಡಿನವರೆಗೆ ಇಳಿದ ಉದ್ದನೆಯ ಬೇರಿನಂಥ ಕಾಂಡ ಟರ್ಮಿಟೋಮೈಸಿಸ್‌ನದು. ಎಳೆಯ ಕ್ಲೋರೋಫಿಲಮ್‌ನ ಕಿವಿರು, ಅಂದರೆ ಟೋಪಿಯಡಿಯ ತೆಳು ಪದರಗಳು, ಬಿಳಿಯಾಗಿಯೇ ಇರುವುದರಿಂದ ಕಣ್ಣನ್ನು ನಂಬುವಂತಿಲ್ಲ. ಟೋಪಿಯನ್ನು ಗಾಜಿನ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಮುಚ್ಚಿಡಬೇಕು. ಬೀಜಕಣದ ಪುಡಿ ಗುಲಾಬಿ ಬಣ್ಣದ್ದಾದರೆ ಹುತ್ತದ್ದು, ಮಾಸಲು ಹಸಿರಾದರೆ ವಿಷದ್ದು. ಬೀಜಕಣವೂ ಬೇರೆ: ಮೊದಲನೆಯದು ಸುಮಾರು 7×4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು), ಎರಡನೆಯದು ಸುಮಾರು 10×7, ದಪ್ಪ ಗೋಡೆ, ತುದಿಯಲ್ಲಿ ರಂಧ್ರ. ಕಿವಿರಿನಿಂದ ಕೆರೆದು ಅಳೆದರೆ ಬಲಿಯದ ಕಣಗಳೂ ಸೇರಿ ಅಳತೆ ತಪ್ಪುತ್ತದೆ. ಉದುರಿದ ಪುಡಿಯಿಂದಲೇ ಇಪ್ಪತ್ತು ಕಣ ಅಳೆಯುವುದು ಒಳ್ಳೆಯದು.

ಘಾಟಿಯ ಕಾಡಿನಲ್ಲಿ ನೆಲಕ್ಕಿಂತ ಮೊದಲು ತಲೆಯೆತ್ತಿ ಮರ ನೋಡಬೇಕು. ಸಾಲುಧೂಪ, ಹೈಗದಂಥ ಮರಗಳ ಬೇರಿನ ಜೊತೆ ರುಸುಲಾ ಎಂಬ ಅಣಬೆ ಬದುಕುತ್ತದೆ. ಮಳೆಗೆ ಅದರ ಟೋಪಿಯ ಬಣ್ಣ ತೊಳೆದುಹೋಗುವುದರಿಂದ ಬಣ್ಣ ನಂಬಿ ಹೆಸರಿಟ್ಟವರು ಸೋಲುತ್ತಾರೆ. ಕಾಂಡ ಮುರಿಯಿರಿ, ದುಂಡು ಕೋಶಗಳೇ ತುಂಬಿರುವುದರಿಂದ ನಾರು ಬಿಡದೆ ಸೀಮೆಸುಣ್ಣದ ಹಾಗೆ ಪಟ್ಟನೆ ತುಂಡಾಗುತ್ತದೆ. ಅಯೋಡಿನ್ ಇರುವ ಮೆಲ್ಜರ್ ದ್ರಾವಣದ ಒಂದು ಹನಿಯಲ್ಲಿ, ಎಣ್ಣೆ ಹಾಕಿದ 100 ಪಟ್ಟಿನ ಮಸೂರದಡಿ, ಬೀಜಕಣದ ಮುಳ್ಳು, ಗೆರೆಗಳು ಕಡುನೀಲಿ ಕಪ್ಪಾಗಿ ಎದ್ದು ಕಾಣುತ್ತವೆ. ಪ್ರಭೇದ ಹೇಳುವುದು ಆ ಮುಳ್ಳುಗಳ ಎತ್ತರ ಮತ್ತು ಜೋಡಣೆ. ದ್ರಾವಣದಲ್ಲಿರುವ ಕ್ಲೋರಲ್ ಹೈಡ್ರೇಟ್ ವಿಷ, ಕೈಗವಸು ಬೇಕೇ ಬೇಕು.

ಸೋಮೇಶ್ವರ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಕೀಳಬಾರದು. ಅನುಮತಿ ಇದ್ದರೆ ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಯಾವ ಮರದ ಬುಡ, ಬೆಳೆದದ್ದು ಮಣ್ಣಲ್ಲೋ ಕೊಳೆತ ಕಟ್ಟಿಗೆಯಲ್ಲೋ, ವಾಸನೆ ಏನು ಎಂದು ಅಲ್ಲೇ ಬರೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಸಂಜೆಗೇ ಕೊಳೆಯುತ್ತದೆ. ಆಗುಂಬೆಯ ತೇವದಲ್ಲಿ ಗಾಳಿಗೆ ಒಣಗುವುದಿಲ್ಲ. 40–45 ಡಿಗ್ರಿಯ ಬೆಚ್ಚನೆ ಗಾಳಿಯಲ್ಲಿ, ಬಾಗಿಸಿದರೆ ಮುರಿಯುವವರೆಗೆ ಒಣಗಿಸಿ, ತಕ್ಷಣ ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಚೀಲಕ್ಕೆ ಹಾಕಿಡಬೇಕು.