ಬೆಲೆ ಚೀಟಿ ಆಮೇಲೆ, ಮೊದಲು ಒಳಹೊಲಿಗೆ

“ಎಷ್ಟು ಜೊತಿ ಬಟ್ಟಿ ಅದಾವ್ರಿ ನಿಮ್ಮತ್ರ? ದಿನಾ ನೀಟಾಗಿ ಬರ್ತೀರಲ್ಲ, ಸಂಬಳ ಎಲ್ಲ ಅದಕ್ಕ ಹೋಗ್ತದೇನು?”

ಆಫೀಸಿಗೆ ಹೊಸದಾಗಿ ಬಂದವರು ಒಂದಲ್ಲ ಒಂದು ದಿನ ಹೀಗೆ ಕೇಳಿಯೇ ಕೇಳುತ್ತಾರೆ. ನನ್ನ ಹತ್ತಿರ ಇರುವುದು ಐದಾರು ಶರ್ಟು, ಮೂರು ಪ್ಯಾಂಟು. ಖರ್ಚೂ ಜಾಸ್ತಿ ಇಲ್ಲ. ಆದರೆ ಕೊಳ್ಳುವ ಮುಂಚೆ ಬಟ್ಟೆಯನ್ನು ಒಳಗೆ ಹೊರಗೆ ತಿರುಗಿಸಿ ನೋಡುತ್ತೇನೆ. ಅಂಗಡಿಯವರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಇರಲಿ.

ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿದ್ದೂ ಜೀನ್ಸ್ ಪರೀಕ್ಷೆ ಮಾಡಲು ಬಾರದಿದ್ದರೆ ಹೇಗೆ, ಅಲ್ವಾ? ಕೌಲ್ ಬಜಾರ್ ಕಡೆ ಹೋದರೆ ಹೊಲಿಗೆ ಮಷಿನ್ ಸದ್ದು ರಸ್ತೆಗೇ ಕೇಳುತ್ತದೆ. ಆ ಕೆಲಸ ಬಲ್ಲವರ ಕೈಗೆ ಪ್ಯಾಂಟು ಕೊಟ್ಟು ನೋಡಿ. ಬ್ರ್ಯಾಂಡ್ ಯಾವುದು ಅಂತ ನೋಡುವುದಿಲ್ಲ, ಬೆಲ್ಟ್ ಲೂಪ್ ಹಿಡಿದು ಜಗ್ಗುತ್ತಾರೆ. ಲೂಪಿನ ಎರಡೂ ತುದಿಗೆ, ಜೇಬಿನ ಮೂಲೆಗೆ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರಬೇಕು. ಅದಕ್ಕೆ ಬಾರ್‌ಟ್ಯಾಕ್ ಅಂತಾರೆ. ಕಾಲುಗಳ ನಡುವೆ ನಾಲ್ಕು ಹೊಲಿಗೆ ಕೂಡುವ ಜಾಗದಲ್ಲಿ ದಾರ ನೇತಾಡಬಾರದು. ಜೇಬಿನ ಒಳಬಟ್ಟೆಯೊಳಗೆ ಕೈ ಹಾಕಿ ಬೆಳಕಿಗೆ ಹಿಡಿಯಿರಿ. ಬೆರಳು ಸ್ಪಷ್ಟವಾಗಿ ಕಂಡರೆ ಪ್ಯಾಂಟನ್ನು ಅಲ್ಲೇ ಬಿಟ್ಟು ಬನ್ನಿ. ಬೀಗದ ಕೈ, ಚಿಲ್ಲರೆ ಹಾಕುವವರಿಗೆ ಮೊದಲು ತೂತಾಗುವುದು ಅದೇ.

ಡೆನಿಮ್, ಅಂದರೆ ಜೀನ್ಸ್ ಬಟ್ಟೆಯ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಚದರ ಗಜ ಬಟ್ಟೆ ಎಷ್ಟು ತೂಗುತ್ತದೆ ಅನ್ನುವ ಲೆಕ್ಕ ಅದು. 14 ಔನ್ಸಿನದು ಗಟ್ಟಿ, ಒಪ್ಪುತ್ತೇನೆ. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡು ಮಧ್ಯಾಹ್ನ ಬಸ್ಸಿಗೆ ಕಾಯಿರಿ ನೋಡೋಣ! ನಮಗೆ 9, 10 ಔನ್ಸ್ ಸಾಕು. ಲೈಕ್ರಾ, ಅಂದರೆ ರಬ್ಬರಿನಂತೆ ಹಿಗ್ಗುವ ನೂಲು, ನೂರಕ್ಕೆ ಒಂದೆರಡು ಪಾಲು ಇದ್ದರೆ ಕೂತೇಳಲು ಹಗುರ. ಅದಕ್ಕಿಂತ ಜಾಸ್ತಿ ಇದ್ದದ್ದು ಬರಬರುತ್ತಾ ಮಂಡಿ ಹತ್ತಿರ ಜೋತು ಬೀಳುತ್ತದೆ. ಇನ್ನು ಮೊದಲೇ ಬಿಳಿಚಿಕೊಂಡ, ಹರಿದ ಜೀನ್ಸ್. ಆ ನೋಟ ಬರಲಿ ಅಂತ ಕಲ್ಲು ಹಾಕಿ ತಿರುಗಿಸಿ, ಬ್ಲೀಚ್ ಮಾಡಿರುತ್ತಾರೆ. ಬಟ್ಟೆಯ ಆಯಸ್ಸು ಒಂದಿಷ್ಟು ವಾಷಿಂಗಿನಲ್ಲೇ ತೀರಿರುತ್ತದೆ. ಕಡುನೀಲಿ ತಗೊಳ್ಳಿ. ಆಫೀಸಿಗೂ ನಡೆಯುತ್ತದೆ, ನೆಂಟರ ಮನೆಗೂ ನಡೆಯುತ್ತದೆ. ಒಗೆದ ಮೇಲೆ ಒಳಮೈ ಹೊರಗೆ ಮಾಡಿ ನೆರಳಿಗೆ ಹಾಕಿ. ನಮ್ಮ ಬಿಸಿಲಿಗೆ ನೀಲಿ ಬಣ್ಣ ತಡೆಯುವುದಿಲ್ಲ.

ಶರ್ಟ್ ಮಾತ್ರ ನಾನು ಹೊಲಿಸುತ್ತೇನೆ. 36 ಇಂಚು ಪನ್ನಾದ (ಅಗಲದ) ಕಾಟನ್ ಆದರೆ ತುಂಬು ತೋಳಿಗೆ ಸುಮಾರು ಎರಡೂವರೆ ಮೀಟರ್ ಬೇಕು. ತಂದ ರಾತ್ರಿಯೇ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಟೈಲರ್‌ಗೆ ಕೊಡುವುದು. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. “ಅಣ್ಣ, ಪಕ್ಕದಲ್ಲಿ ಸ್ವಲ್ಪ ಮಾರ್ಜಿನ್ ಬಿಡಿ” ಅಂತ ಹೇಳಲು ಮರೆಯಬೇಡಿ. ಹೊಟ್ಟೆ ಬಂದರೆ ಬಿಚ್ಚಿ ಹೊಲಿಸಬಹುದು. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಗೇ ಕೂತರೆ ಸಾದಾ ಶರ್ಟೂ ಎದ್ದು ಕಾಣುತ್ತದೆ. ಅರ್ಧ ಇಂಚು ಕೆಳಗೆ ಇಳಿದರೆ ಎಷ್ಟೇ ದುಬಾರಿ ಬಟ್ಟೆಯಾದರೂ ಅಣ್ಣನ ಶರ್ಟನ್ನು ತಮ್ಮ ಹಾಕಿಕೊಂಡ ಹಾಗೆ. ನನ್ನ ಸ್ಟೈಲ್ ಏನಿದ್ದರೂ ಇಷ್ಟೇ.

ಅಪ್ಪಟ ಬಿಳಿ ನಾನು ತರುವುದಿಲ್ಲ. ಬೋರ್ ನೀರಿನ ಗಡಸಿಗೆ ಸೋಪು ನೊರೆ ಬರುವುದಿಲ್ಲ, ಬಿಳಿ ಬಟ್ಟೆ ಮಂಕಾಗುತ್ತದೆ. ಜೊತೆಗೆ ಕೆಂಧೂಳು. ತಿಳಿನೀಲಿ, ಬೂದಿ, ಮಣ್ಣಿನ ಬಣ್ಣ ಇಟ್ಟುಕೊಂಡರೆ ಯಾವ ಶರ್ಟಿಗೆ ಯಾವ ಪ್ಯಾಂಟು ಹಾಕಿದರೂ ಹೊಂದುತ್ತದೆ.

ಇಷ್ಟೆಲ್ಲ ಸಾದಾ ಆದಮೇಲೆ ಒಂದಾದರೂ ಕಣ್ಣಿಗೆ ಬೀಳುವಂಥದ್ದು ಬೇಡವೇ? ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಇದು ಈ ಊರಿನದೇ ಎನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಪುಟ್ಟ ಕನ್ನಡಿ ಕೂರಿಸಿ ಕೈಯಲ್ಲೇ ಹೊಲಿದ ಒಂದು ಅರ್ಧ ಜಾಕೆಟ್ ಅಥವಾ ದುಪಟ್ಟಾ ಕೊಳ್ಳಿ. ಅಗ್ಗಕ್ಕೆ ಸಿಗುವುದಿಲ್ಲ, ಚೌಕಾಸಿ ಮಾಡಲು ನನಗಂತೂ ಮನಸ್ಸು ಬರುವುದಿಲ್ಲ. ಆ ದುಡ್ಡನ್ನು “ಒಂದು ಕೊಂಡರೆ ಎರಡು ಫ್ರೀ” ಬೋರ್ಡಿನ ಅಂಗಡಿಗೆ ಹೋಗದೆ ಉಳಿಸಿ.

ಮದುವೆ ಬಟ್ಟೆ ವಿಷಯ ನನ್ನನ್ನು ಕೇಳಬೇಡಿ. ಅದರಲ್ಲಿ ನಮ್ಮ ಮನೆಯಲ್ಲೇ ನನ್ನ ಮಾತು ನಡೆಯುವುದಿಲ್ಲ.