ಪ್ರಾಣಾಯಾಮ ಮಾಡ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ

"ನೀ ಇರೋ ಅಮೆರಿಕಾದವ್ರೇ ಈಗ ಯೋಗಾ, ಧ್ಯಾನ ಅಂತ ಬೆನ್ನ ಹತ್ಯಾರ, ನೀ ನೋಡಿದ್ರ ನಮಗ ಗುಳಿಗಿ ನುಂಗ್ರಿ ಅಂತೀಯಲ್ಲೋ ತಮ್ಮಾ" ಅಂತ ಕಲಬುರಗಿಯಿಂದ ನಮ್ಮ ಕಾಕಾ ಫೋನಿನ್ಯಾಗ ಅಂದ್ರು. ಅಪ್ಪನ ಕೆರಿ ಕಡೆ ಮುಂಜಾನೆ ವಾಕಿಂಗ್ ಬರೋರು ಯಾರೋ, ಪ್ರಾಣಾಯಾಮ ಮಾಡಿದ್ರ ಸಾಕು ವಯಸ್ಸು ಹಿಂದಕ್ಕ ಹೋಗ್ತದ ಅಂದಾರಂತ, ಇವ್ರು ಬಿಪಿ ಗುಳಿಗಿ ನಿಲ್ಲಿಸಿಬಿಟ್ಟಾರ.

ಕಾಕಾನ ಮಾತು ಅರ್ಧ ಖರೆ ಅದ. ನಾ ಇರೋದು ಮ್ಯಾಸಚೂಸೆಟ್ಸಿನ ವೂಸ್ಟರ್ ಹತ್ರ, ಇಲ್ಲಿನ ಮೆಡಿಕಲ್ ಕಾಲೇಜಿನ್ಯಾಗೇ 1979ರಾಗ ಜಾನ್ ಕಬಾಟ್-ಝಿನ್ ಅನ್ನೋರು ಧ್ಯಾನ, ಯೋಗದ ಕೋರ್ಸ್ ಶುರು ಮಾಡಿದ್ರು, ಎಷ್ಟು ಔಷಧ ಮಾಡಿದ್ರೂ ನೋವು ಹೋಗದವ್ರನ್ನ ಡಾಕ್ಟರೇ ಅಲ್ಲಿಗಿ ಕಳಸ್ತಿದ್ರು. ಡಾಕ್ಟರ್ ಕಳಸ್ತಿದ್ರು, ಇದು ನೆನಪಿಡ್ರಿ.

ಅದೇ ಸುಮಾರಿಗಿ ಹಾರ್ವರ್ಡ್ ಯೂನಿವರ್ಸಿಟಿಯ ಮನಃಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಅನ್ನೋರು 8 ಮಂದಿ ಮುದುಕ್ರನ್ನ ಒಂದು ಹಳೇ ಮಠದಾಗ ಇಟ್ಟು, ಈಗ 1959 ಅದ ಅನ್ಕೊಂಡು ಬದುಕ್ರಿ ಅಂದಿದ್ರು. ಕೆಲವೇ ದಿನದಾಗ ಅವರ ಕೈಹಿಡಿತ, ನೆನಪು ಸುಧಾರಿಸ್ತು ಅಂತ ಹೇಳಿದ್ರು, ವಯಸ್ಸೆಲ್ಲಾ ಮನಸ್ಸಿನ್ಯಾಗ ಅದ ಅನ್ನೋರು ಇವತ್ತಿಗೂ ಇದನ್ನೇ ಎತ್ತಿ ತೋರಿಸ್ತಾರ. ಎಂಟು ಮಂದಿ ಅಷ್ಟೇ ರೀ! ಅಷ್ಟರ ಮ್ಯಾಲ ಗುಳಿಗಿ ಬಿಡೋ ಧೈರ್ಯ ಹ್ಯಾಂಗ ಬರ್ತದ?

ಇಂಥಾ ವ್ಯಾಯಾಮದ ಮ್ಯಾಲ ನನಗ ನಂಬಿಕಿ ಬಂದಿದ್ದು ಇಲ್ಲಿನ ಸೀನಿಯರ್ ಸೆಂಟರಿನ ತಾಯ್ ಚಿ (ಹಗೂರಕ ಮಾಡೋ ಚೀನಾದ ವ್ಯಾಯಾಮ) ಕ್ಲಾಸ್ ನೋಡಿ. ವಾಕರ್ ಹಿಡ್ಕೊಂಡು ಬಂದ ಅಜ್ಜ-ಅಜ್ಜಿಗೋಳು ಅವನ್ನ ಗ್ವಾಡಿಗಿ ಹಚ್ಚಿಟ್ಟು, ಮೈಭಾರ ಒಂದು ಕಾಲಿಂದ ಇನ್ನೊಂದು ಕಾಲಿಗಿ ಹಗೂರಕ ದಾಟಸ್ತಾರ, ಹಿಮ್ಮಡಿ ಮೊದ್ಲು ಊರ್ತಾರ, ಆಮ್ಯಾಲ ಬೆರಳು. 2012ರಾಗ ಆರಿಗಾನಿನ್ಯಾಗ ಪಾರ್ಕಿನ್ಸನ್ (ಕೈಕಾಲು ನಡುಗೋ, ತೋಲ ತಪ್ಪೋ ರೋಗ) ಇದ್ದ 195 ಮಂದಿ ಪೇಶಂಟ್‌ಗಳ ಮ್ಯಾಲ ಮಾಡಿದ ಅಧ್ಯಯನದಾಗ, ಬರೀ ಸ್ಟ್ರೆಚಿಂಗ್ ಮಾಡಿದವ್ರಕಿಂತ ತಾಯ್ ಚಿ ಮಾಡಿದವ್ರು ಕಮ್ಮಿ ಬಿದ್ರು. ವಯಸ್ಸಾದವ್ರು ಬಿದ್ದು ಸೊಂಟ ಮುರ್ಕೊಳ್ಳೋದು ತಪ್ಪಿದ್ರ ಅದೇನ್ ಸಣ್ಣ ಮಾತಲ್ಲ. ಆ ಕ್ಲಾಸಿನ್ಯಾಗ ಯಾರೂ ಹರೇದವ್ರು ಆಗ್ತೀರಿ ಅಂತ ಹೇಳಂಗಿಲ್ಲ, ಔಷಧ ಬಿಡ್ರಿ ಅಂತೂ ಹೇಳಂಗಿಲ್ಲ.

ಪ್ರಾಣಾಯಾಮದಿಂದ ಮನಸ್ಸು ಹಗುರಾಗ್ತದ, ನಿದ್ದಿ ಬರ್ತದ, ಬಿಪಿನೂ ಸ್ವಲ್ಪ ಇಳೀಬಹುದು. ಆದ್ರ ಬಿಪಿ ಏರಿದ್ದು ಭಾಳ ಮಂದಿಗಿ ಗೊತ್ತೇ ಆಗಂಗಿಲ್ಲ, ಆರಾಮ್ ಅನಸ್ತದಂತ ಗುಳಿಗಿ ಬಿಟ್ಟವ್ರಿಗಿ ಒಮ್ಮಿಂದೊಮ್ಮೆ ಲಕ್ವಾ ಹೊಡೀಬಹುದು, ಇದೇ ನನ್ನ ಅಂಜಿಕಿ.

ಇನ್ನೊಂದು, ಕಾಕಾಗ ಯಾರೋ ಒಂದು ಪುಡಿನೂ ಕೊಟ್ಟಾರ, ಚೀಟಿ ಇಲ್ಲ, ಹೆಸರಿಲ್ಲ. 2004ರಾಗ ಬಾಸ್ಟನ್ ಸುತ್ತಮುತ್ತ ಅಂಗಡ್ಯಾಗ ಮಾರೋ 70 ಆಯುರ್ವೇದ ಔಷಧ ಪರೀಕ್ಷೆ ಮಾಡಿದಾಗ 14ರಾಗ ಸೀಸ, ಪಾದರಸ ಇಲ್ಲಾ ಆರ್ಸೆನಿಕ್ ಅಂಥಾ ವಿಷ ಸಿಕ್ಕಿತ್ತು. ಎಲ್ಲಾ ಆಯುರ್ವೇದ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ, ಆದ್ರ ಮನ್ಯಾಗಿನ ಹಿರೇರ ಹತ್ರ ಹಂಗ ಹೆಸರಿಲ್ಲದ ಪುಡಿ ಇದ್ರ ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ಡಬ್ಬಿ ಸಮೇತ ತೊಗೊಂಡು ಹೋಗ್ರಿ, ಮತ್ತ ಬಿಪಿ ಗುಳಿಗಿ ಕಮ್ಮಿ ಮಾಡ್ಬೇಕಾ ಅಂತ ಅಲ್ಲೇ, ಮಷೀನಿನ್ಯಾಗ ಬಿಪಿ ನೋಡಿದ ಮ್ಯಾಲ ಕೇಳ್ರಿ.